ಹಳಿ ಬಿಟ್ಟು ಕಾಣುವ ರೈಲು

2019ರ ಆಗಸ್ಟ್‌ನಲ್ಲಿ ಘಟಪ್ರಭಾ ಉಕ್ಕಿ ಗೋಕಾಕಿನೊಳಗೆ ನುಗ್ಗಿತು, ಲೋಳಸೂರ ಸೇತುವೆ ಮುಳುಗಿತು. ಅಂಥ ಮಳೆಗಾಲದಲ್ಲಿ ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯದಿಂದ ಮೂಡಲಗಿಯ ಕಬ್ಬಿನ ಹೊಲಗಳವರೆಗೆ ಮೋಡ ಕವಿದರೆ ಸಾಮಾನ್ಯ ಕ್ಯಾಮೆರಾದ ಉಪಗ್ರಹಕ್ಕೆ ನೆಲವೇ ಕಾಣದು. ರಡಾರ್ ಅಲೆಗಳು ಮಾತ್ರ ಮೋಡ ದಾಟಿ ಇಳಿಯುತ್ತವೆ. ನಿಂತ ನೀರು ಅವನ್ನು ಉಪಗ್ರಹದಿಂದ ಆಚೆಗೆ ಚಿಮ್ಮಿಸುವುದರಿಂದ ಚಿತ್ರದಲ್ಲಿ ನೆರೆ ಕಪ್ಪಾಗಿ ಮೂಡುತ್ತದೆ.

ನಿಂತದ್ದನ್ನು ಹೀಗೆ ಹಿಡಿಯಬಹುದು. ಓಡುವುದನ್ನು?

ಗೋಕಾಕ ರೋಡ್ ನಿಲ್ದಾಣ ದಾಟುವ ರೈಲು ಉಪಗ್ರಹದತ್ತ ಸೆಕೆಂಡಿಗೆ 10 ಮೀಟರ್ ಸರಿಯುತ್ತಿದೆ ಎನ್ನಿ. ಉಪಗ್ರಹ 650 ಕಿ.ಮೀ. ದೂರದಲ್ಲಿ, ಸೆಕೆಂಡಿಗೆ 7.5 ಕಿ.ಮೀ. ವೇಗದಲ್ಲಿದ್ದರೆ, ಚಿತ್ರದಲ್ಲಿ ರೈಲು ಹಳಿಯಿಂದ ಸುಮಾರು 870 ಮೀಟರ್ ಆಚೆ, ಯಾರದೋ ಹೊಲದಲ್ಲಿ, ಮಸುಕಾಗಿ ಕಾಣುತ್ತದೆ.

ಇದರ ಬೇರು 1951ರಲ್ಲಿದೆ. ಅಮೆರಿಕದ ಗುಡ್‌ಇಯರ್ ಏರ್‌ಕ್ರಾಫ್ಟ್ ಕಂಪನಿಯ ಕಾರ್ಲ್ ವೈಲಿ, ಹಾರುತ್ತಿರುವ ರಡಾರ್‌ಗೆ ಮರಳುವ ಅಲೆಗಳ ಡಾಪ್ಲರ್ ವ್ಯತ್ಯಾಸದಿಂದಲೇ, ಅಂದರೆ ಚಲನೆಯಿಂದ ಅವುಗಳ ಆವರ್ತನದಲ್ಲಾಗುವ ಬದಲಾವಣೆಯಿಂದಲೇ, ಅಕ್ಕಪಕ್ಕದ ವಸ್ತುಗಳನ್ನು ಬೇರ್ಪಡಿಸಬಹುದೆಂದು ಕಂಡುಕೊಂಡರು. ಚಿಕ್ಕ ಆಂಟೆನಾ ಚಲಿಸುತ್ತಲೇ ಉದ್ದನೆಯ ಆಂಟೆನಾದ ಕೆಲಸ ಮಾಡಿತು. ಆದರೆ ಈ ಲೆಕ್ಕಕ್ಕೆ ನೆಲ ಕದಲಬಾರದು. ವಸ್ತುವೇ ಚಲಿಸಿದರೆ ಅದರ ಡಾಪ್ಲರ್ ಕೂಡ ಬೆರೆತು, ರಡಾರ್ ಅದರ ಜಾಗವನ್ನು ತಪ್ಪಾಗಿ ಓದುತ್ತದೆ. 1971ರಲ್ಲಿ ಕೀತ್ ರೇನಿ ಈ ಸಮಸ್ಯೆಯನ್ನು ಗಣಿತದಲ್ಲಿ ಬಿಡಿಸಿಟ್ಟರು.

ತೊಡಕಾಗಿದ್ದ ಈ ಚಲನೆಯನ್ನೇ ಸಾಧನವಾಗಿಸಲೂಬಹುದು. 1980ರಲ್ಲಿ ಜ್ಯಾಕ್ ವಾಕರ್ ಒಂದೆಡೆ, ಚೆನ್ ಮತ್ತು ಆ್ಯಂಡ್ರೂಸ್ ಇನ್ನೊಂದೆಡೆ ಪ್ರಕಟಿಸಿದ ಪ್ರಬಂಧಗಳು ಗುರಿಯ ಚಲನೆಯಿಂದಲೇ ಚಿತ್ರ ತೆಗೆಯುವ ದಾರಿಯನ್ನು ಗಟ್ಟಿಮಾಡಿದವು. ಗುರಿಯ ಚಲನೆಯಲ್ಲಿ ಎರಡು ಪಾಲು: ಮುಂದೆ ಸಾಗುವುದು, ತಿರುಗುವುದು. ಮೊದಲನೆಯದನ್ನು ಕಳೆಯಬೇಕು, ಎರಡನೆಯದನ್ನು ಉಳಿಸಬೇಕು. ಅದಕ್ಕಾಗಿ ಒಂದೊಂದು ಪ್ರತಿಧ್ವನಿಯನ್ನೂ ದೂರದ ಲೆಕ್ಕದಲ್ಲಿ ಸಾಲಿಗೆ ತರುತ್ತಾರೆ. ಆಮೇಲೆ ಗುರಿಯ ಮೇಲಿನ ಪ್ರಖರ ಬಿಂದುವೊಂದನ್ನು ಆಧಾರವಾಗಿ ಹಿಡಿದು ಅಲೆಗಳ ಏರಿಳಿತ ಹೊಂದಿಸುತ್ತಾರೆ. ಆಗ ಉಳಿಯುವುದು ತಿರುಗುವಿಕೆ ಮಾತ್ರ. ಅಕ್ಷದಿಂದ ದೂರವಿದ್ದಷ್ಟೂ ಬಿಂದುವಿನ ಡಾಪ್ಲರ್ ಹೆಚ್ಚು; ಅದನ್ನೇ ವಿಂಗಡಿಸಿದರೆ ವಸ್ತುವಿನ ಆಕಾರ ಬಿಡಿಸಿಕೊಳ್ಳುತ್ತದೆ.

ಈ ರಡಾರ್ ವಿದ್ಯೆಗೆ ಭಾರತದಲ್ಲೂ, ಕರ್ನಾಟಕದಲ್ಲೂ ನೆಲೆಯಿದೆ. ಭಾರತದ್ದೇ ಸಿ-ಬ್ಯಾಂಡ್ ರಡಾರ್ ಹೊತ್ತ ಇಸ್ರೋದ ರಿಸ್ಯಾಟ್-1 ಉಪಗ್ರಹ 2012ರ ಏಪ್ರಿಲ್ 26ರಂದು ಕಕ್ಷೆ ಸೇರಿತು. 2022ರ ಫೆಬ್ರವರಿ 14ರಂದು ಇಒಎಸ್-04 ಆ ಕೆಲಸ ಮುಂದುವರಿಸಿತು. ಬೆಂಗಳೂರಿನಲ್ಲಿ 1958ರಲ್ಲಿ ಆರಂಭವಾದ ರಡಾರ್ ಸಂಶೋಧನಾ ಸಂಸ್ಥೆ ಎಲ್‌ಆರ್‌ಡಿಇ, ಕಡಲ ಕಾವಲಿಗಾಗಿ ವಿಮಾನದಲ್ಲಿ ಒಯ್ಯುವ ರಡಾರ್‌ಗಳನ್ನು ರೂಪಿಸಿದೆ. ತೆರೆಗಳ ಮೇಲೆ ಹಡಗು ತೊನೆದಂತೆ ಪಟಸ್ತಂಭದ ತುದಿ ಒಡಲಿಗಿಂತ ವೇಗವಾಗಿ ವಾಲುತ್ತದೆ. ಆ ವೇಗದ ವ್ಯತ್ಯಾಸವೇ ರಡಾರ್‌ನಲ್ಲಿ ಎತ್ತರವಾಗಿ ಮೂಡಿ, ದೂರದ ಹಡಗು ಸರಕಿನದೋ ಯುದ್ಧದ್ದೋ ಎಂದು ಗುರುತಿಸಲು ನೆರವಾಗುತ್ತದೆ.