ಎರಡು ವರ್ಷಗಳ ಲೆಕ್ಕ: ಮೇದೋಜೀರಕದ ಕ್ಯಾನ್ಸರ್, ಸರ್ಜನ್ ಮತ್ತು ಸಂಶೋಧನೆ

ಕಳೆದ ವರ್ಷ ಪುಣೆಯಲ್ಲಿ ನಡೆದ ಸರ್ಜನ್‌ಗಳ ಸಮ್ಮೇಳನವೊಂದರಲ್ಲಿ ಹನ್ನೆರಡು ನಿಮಿಷದ ವಿಡಿಯೊ ತೋರಿಸಿದರು. ರೋಬೋಟ್ ಕೈಗಳಿಂದ ಮಾಡಿದ, ಮೇದೋಜೀರಕದ ಗಡ್ಡೆ ತೆಗೆಯುವ ವಿಪಲ್ ಶಸ್ತ್ರಚಿಕಿತ್ಸೆ. ಹನಿ ರಕ್ತವೂ ಕಾಣದಷ್ಟು ಚೊಕ್ಕ ಕೆಲಸ. ಸಭೆ ಚಪ್ಪಾಳೆ ತಟ್ಟಿತು, ನಾನೂ ತಟ್ಟಿದೆ. ಪ್ರಶ್ನೆಗಳ ಸರದಿ ಬಂದಾಗ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದಳು. ಎಂಎಸ್ ಎರಡನೇ ವರ್ಷದವಳಿರಬೇಕು. "ಸರ್, ತೆಗೆದ ಗಡ್ಡೆ ಏನಾಯ್ತು?" ಎಂದು ಕೇಳಿದಳು. ವೇದಿಕೆಯ ಮೇಲಿದ್ದವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಫಾರ್ಮಲಿನ್‌ಗೆ ಹೋಯ್ತು, ಇನ್ನೆಲ್ಲಿಗೆ ಹೋಗುತ್ತೆ?" ಎಂದರು. ಎಲ್ಲರೂ ನಕ್ಕರು. ಹುಡುಗಿ ಕೂತುಬಿಟ್ಟಳು. ಈ ಲೇಖನ ಬರೆಯುವಂತೆ ಮಾಡಿದ್ದು ಆ ನಗು.

ಮೇದೋಜೀರಕ ಗ್ರಂಥಿಯ, ನಮ್ಮ ವೃತ್ತಿಯ ಮಾತಿನಲ್ಲಿ ಪ್ಯಾಂಕ್ರಿಯಾಸಿನ, ಶಸ್ತ್ರಚಿಕಿತ್ಸೆ ಬೆಳೆದ ಬಗೆಯನ್ನು ಈಗ ಸಲಕರಣೆಗಳ ಕಥೆಯಾಗಿ ಹೇಳುವುದು ರೂಢಿಯಾಗಿದೆ. ಮೊದಲು ಹೊಟ್ಟೆ ತೆರೆದು ಮಾಡುತ್ತಿದ್ದರು, ಆಮೇಲೆ ದುರ್ಬೀನು (ಲ್ಯಾಪರೊಸ್ಕೋಪ್) ಬಂತು, ಈಗ ರೋಬೋಟ್. ಕಾಲೇಜಿನ ಸ್ಲೈಡುಗಳಲ್ಲಿ ಇಷ್ಟೇ ಇರುತ್ತದೆ. ಮೂವತ್ತು ವರ್ಷ ಇದೇ ಕೆಲಸದಲ್ಲಿ ಸವೆದವನಾಗಿ ನನಗೆ ಕಂಡ ಕಥೆ ಬೇರೆ.

ಹಳೆಯದನ್ನು ಬೇಗ ಮುಗಿಸುತ್ತೇನೆ. 1898ರಲ್ಲಿ ಇಟಲಿಯ ಕೊಡಿವಿಲ್ಲಾ, 1909ರಲ್ಲಿ ಬರ್ಲಿನ್ನಿನ ಕೌಶ್ ಈ ದಾರಿಯಲ್ಲಿ ಕೈಹಾಕಿದರು. 1935ರಲ್ಲಿ ನ್ಯೂಯಾರ್ಕಿನ ಆಲನ್ ವಿಪಲ್ ಮೂವರು ರೋಗಿಗಳ ವರದಿ ಬರೆದರು, ಎರಡು ಕಂತಿನ ಶಸ್ತ್ರಚಿಕಿತ್ಸೆಯದು. ಹೆಸರು ಅವರದೇ ಉಳಿಯಿತು. ಮುಂದಿನ ಸುಮಾರು ನಲವತ್ತು ವರ್ಷ ಟೇಬಲ್ ಹತ್ತಿದ ನಾಲ್ವರಲ್ಲಿ ಒಬ್ಬರು ಮನೆಗೆ ಮರಳುತ್ತಿರಲಿಲ್ಲ. 1970ರಲ್ಲಿ ಅಮೆರಿಕದ ಜಾರ್ಜ್ ಕ್ರೈಲ್, ಗಡ್ಡೆ ತೆಗೆಯುವ ಗೋಜಿಗೆ ಹೋಗದೆ ಪಿತ್ತಕ್ಕೆ ಬೇರೆ ದಾರಿ ಮಾಡಿಕೊಟ್ಟು ಕಳಿಸುವುದೇ ಮೇಲು ಎಂದು ಬರೆದರು. ಆಗಿನ ಲೆಕ್ಕ ನೋಡಿದರೆ ಅವರನ್ನು ತಪ್ಪೆನ್ನಲಾಗದು. 1990ರ ದಶಕದ ಆರಂಭಕ್ಕೆ ಜಾನ್ಸ್ ಹಾಪ್ಕಿನ್ಸ್‌ನ ಕ್ಯಾಮರಾನ್ ತಂಡ ಸಾಲಾಗಿ 145 ಶಸ್ತ್ರಚಿಕಿತ್ಸೆಗಳನ್ನು ಒಂದೂ ಸಾವಿಲ್ಲದೆ ಮಾಡಿ ತೋರಿಸಿತು. ಹಾಗಿದ್ದರೆ ಸರ್ಜನ್ನರ ಕೈ ಅಷ್ಟು ಚುರುಕಾಯಿತೇ? 2002ರಲ್ಲಿ ಬರ್ಕ್‌ಮೈಯರ್ ಮತ್ತವರ ಜೊತೆಯವರು ಅಮೆರಿಕದ ಆಸ್ಪತ್ರೆಗಳ ಲೆಕ್ಕ ತೆಗೆದರು. ಅಪರೂಪಕ್ಕೆ ಈ ಕೆಲಸ ಮಾಡುವ ಆಸ್ಪತ್ರೆಗಳಲ್ಲಿ ಸಾವು ನೂರಕ್ಕೆ 16.3, ಮೇಲಿಂದ ಮೇಲೆ ಮಾಡುವಲ್ಲಿ 3.8. ರಾತ್ರಿ ಎರಡಕ್ಕೆ ಡ್ರೇನ್‌ನ ಬಣ್ಣ ಬದಲಾದದ್ದನ್ನು ಕಾಣುವ ನರ್ಸ್, ಸೋರುವ ರಕ್ತನಾಳವನ್ನು ತೂತಿನಿಂದಲೇ ಮುಚ್ಚಬಲ್ಲ ರೇಡಿಯಾಲಜಿಸ್ಟ್, ಐಸಿಯು: ಸಾವು ಇಳಿದದ್ದು ಇವರೆಲ್ಲರಿಂದ. ಸರ್ಜನ್ ಆ ಸಂಸಾರದಲ್ಲಿ ಒಬ್ಬ.

ಭಾರತದ ಅಧ್ಯಾಯ ದೆಹಲಿಯ ಏಮ್ಸ್‌ನಲ್ಲಿ ಸಮೀರನ್ ನುಂಡಿ ಬೆಳೆಸಿದ ಜಠರ-ಕರುಳಿನ ಶಸ್ತ್ರಚಿಕಿತ್ಸಾ ವಿಭಾಗದಿಂದ ಶುರುವಾಗುತ್ತದೆ ಎನ್ನಬಹುದು. ನಮ್ಮ ರೋಗಿಗಳ ಬಗ್ಗೆ ನಾವೇ ಬರೆಯಬೇಕು ಎಂದು ಪಟ್ಟು ಹಿಡಿದವರು ಅವರು. 1980ರಲ್ಲಿ ಶುರುವಾದ 'ಟ್ರಾಪಿಕಲ್ ಗ್ಯಾಸ್ಟ್ರೊಎಂಟರಾಲಜಿ' ಪತ್ರಿಕೆಯ ಹಿಂದೆ ಆ ಹಟ ಇತ್ತು. ಆದರೆ ಪ್ಯಾಂಕ್ರಿಯಾಸಿನ ಬಗ್ಗೆ ಭಾರತ ಜಗತ್ತಿಗೆ ಕೊಟ್ಟ ದೊಡ್ಡ ಪ್ರಶ್ನೆ ಆಪರೇಷನ್ ಥಿಯೇಟರಿನಿಂದ, ಅಂದರೆ ಓಟಿಯಿಂದ, ಹುಟ್ಟಿದ್ದಲ್ಲ. ಕೇರಳದ ವೈದ್ಯ ಗೀವರ್ಗೀಸ್, ಹರೆಯದಲ್ಲೇ ಹೊಟ್ಟೆನೋವು, ಸಕ್ಕರೆ ಕಾಯಿಲೆ, ಎಕ್ಸ್‌ರೇಯಲ್ಲಿ ಪ್ಯಾಂಕ್ರಿಯಾಸ್ ತುಂಬ ಕಲ್ಲು ಇರುವ ಬಡವರನ್ನು ಒಬ್ಬೊಬ್ಬರನ್ನಾಗಿ ಕಲೆಹಾಕಿದರು. ಮರಗೆಣಸು ಕಾರಣವಿರಬಹುದೆಂಬ ಶಂಕೆ ಬಂತು. 2002ರಲ್ಲಿ ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯ ತಂಡ, ಸ್ಪಿಂಕ್-1 ಎಂಬ ಜೀನಿನ ದೋಷಕ್ಕೂ ಈ ಕಾಯಿಲೆಗೂ ನಂಟಿದೆ ಎಂದು ತೋರಿಸಿತು. ಈ ಕಲ್ಲಿನ ಪ್ಯಾಂಕ್ರಿಯಾಸ್ ಇರುವವರಿಗೆ ಕ್ಯಾನ್ಸರ್ ಬರುವ ಸಂಭವ ಸುಮಾರು ನೂರು ಪಟ್ಟು ಎಂಬ ಲೆಕ್ಕ ಬಂದದ್ದು 1994ರಲ್ಲಿ. ಚಾರಿ, ಮೋಹನ್, ಪಿಚ್ಚುಮಣಿ ಮೊದಲಾದವರ ಜೊತೆ ಆ ಲೇಖನದಲ್ಲಿ ನ್ಯೂಯಾರ್ಕಿನ ಲೋವೆನ್‌ಫೆಲ್ಸ್ ಹೆಸರೂ ಇದೆ. ಅವರು ಸರ್ಜನ್! ನಮ್ಮೂರಿನ ಕಾಯಿಲೆಯ ಲೆಕ್ಕ ಬರೆಯಲು ಕೈಜೋಡಿಸಿದ ಸರ್ಜನ್ ಸಮುದ್ರದಾಚೆಯವರು ಎಂಬುದನ್ನು ಸುಮ್ಮನೆ ನೆನಪಿಸುತ್ತಿದ್ದೇನೆ.

ಪುಣೆಗೂ ಇದರಲ್ಲಿ ಪಾಲಿತ್ತು. ರಾಸ್ತಾ ಪೇಟೆಯ ಕೆಇಎಂ ಆಸ್ಪತ್ರೆಯ ಡಾ. ಯಾಜ್ಞಿಕ್ ಇಂದು ಹೆಸರಾಗಿರುವುದು ಹುಟ್ಟುವಾಗಲೇ ಮೈ ಸಣ್ಣ, ಕೊಬ್ಬು ಹೆಚ್ಚು ಇರುವ ಭಾರತೀಯ ಶಿಶುಗಳ ಅಧ್ಯಯನಕ್ಕೆ. ಅದಕ್ಕೂ ಮೊದಲು ಅವರ ತಂಡ ಕಲ್ಲಿನ ಪ್ಯಾಂಕ್ರಿಯಾಸಿನಿಂದ ಬರುವ ಸಕ್ಕರೆ ಕಾಯಿಲೆಯ ಪುಣೆಯ ರೋಗಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ ಬರೆದಿತ್ತು. ಇತ್ತ ಗಣೇಶಖಿಂಡದ ವಿದ್ಯಾಪೀಠದ ಆವರಣದಲ್ಲಿರುವ ಎನ್‌ಸಿಸಿಎಸ್, ಅಂದರೆ ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರದಲ್ಲಿ, ರಮೇಶ್ ಭೋಂಡೆ ಪ್ಯಾಂಕ್ರಿಯಾಸಿನ ಇನ್ಸುಲಿನ್ ದ್ವೀಪಕೋಶಗಳನ್ನು ಬೆಳೆಸುತ್ತಿದ್ದರು. ಇನ್ನೊಂದು ಕಡೆ ಸಾಸೂನ್‌ನಂಥ ದೊಡ್ಡ ಆಸ್ಪತ್ರೆ, ಸೇನೆಯ ವೈದ್ಯಕೀಯ ಕಾಲೇಜು ಎಎಫ್‌ಎಂಸಿ, ಆಮೇಲೆ ಬಂದ ಖಾಸಗಿ ಆಸ್ಪತ್ರೆಗಳು. ಅಲ್ಲಿ ನಾವು ಗಡ್ಡೆಗಳನ್ನು ತೆಗೆಯುತ್ತಿದ್ದೆವು. ಒಂದು ಊರು, ಒಂದು ಗ್ರಂಥಿ, ಆರೇಳು ಕಿಲೋಮೀಟರಿನ ಅಂತರ. ಸಕ್ಕರೆಯವರೂ ಜೀವಕೋಶದವರೂ ಆಗಾಗ ಸೇರಿ ಚಹಾ ಕುಡಿದರು. ಆ ಟೇಬಲ್ಲಿನಲ್ಲಿ ಸರ್ಜನ್ ಕೂತದ್ದನ್ನು ನಾನಂತೂ ನೋಡಲಿಲ್ಲ.

ನನ್ನ ಪೀಳಿಗೆಯ ವಿಷಯಕ್ಕೆ ಬರುತ್ತೇನೆ. ಇಲ್ಲಿ ಸ್ವಲ್ಪ ನಿಧಾನಿಸಿದರೆ ಓದುಗರು ಕ್ಷಮಿಸಬೇಕು. ಹುಬ್ಬಳ್ಳಿಯ ಕೆಎಂಸಿಯಲ್ಲಿ ಎಂಬಿಬಿಎಸ್ ಮುಗಿಸಿ ಎಂಎಸ್‌ಗೆ ಪುಣೆಗೆ ಬಂದವನು ನಾನು. ತೊಂಬತ್ತರ ದಶಕದಲ್ಲಿ ಪ್ಯಾಂಕ್ರಿಯಾಸ್ ಕಲಿಯಬೇಕೆಂದರೆ ಎಲ್ಲರ ಕಣ್ಣೂ ಸ್ವಿಟ್ಜರ್ಲೆಂಡಿನ ಬರ್ನ್ ಕಡೆಗೆ, 2001ರ ನಂತರ ಜರ್ಮನಿಯ ಹೈಡೆಲ್‌ಬರ್ಗ್ ಕಡೆಗೆ. ಪ್ಯಾಂಕ್ರಿಯಾಸ್ ಸರ್ಜನ್ ಮಾರ್ಕುಸ್ ಬ್ಯೂಖ್ಲರ್ ಎಲ್ಲಿದ್ದರೋ ಅಲ್ಲಿಗೆ. ಅವರ ಪಂಥದ ಗುಟ್ಟು ಹೊಲಿಗೆಯಲ್ಲಿ ಇರಲಿಲ್ಲ. ಸರ್ಜನ್ ಆಗುವವನು ತರಬೇತಿಯ ನಡುವೆ ಒಂದೆರಡು ವರ್ಷ ಲ್ಯಾಬಿಗೆ ಹೋಗುತ್ತಿದ್ದ, ಮತ್ತೆ ಓಟಿಗೆ ಬರುತ್ತಿದ್ದ, ಅವನ ಜಾಗ ಅಲ್ಲೇ ಇರುತ್ತಿತ್ತು. ಅಮೆರಿಕದಲ್ಲಿ ಐದು ವರ್ಷದ ರೆಸಿಡೆನ್ಸಿಯ ಮಧ್ಯೆ ಎರಡು ವರ್ಷ ಹೀಗೆ ತೂರಿಸುತ್ತಾರೆ; ಬ್ರಿಟನ್ನಿನಲ್ಲಿ ಪಿಎಚ್‌ಡಿಗೆಂದು ಮೂರು ವರ್ಷ ಬಿಟ್ಟುಕೊಡುತ್ತಾರೆ. ಆ ದಾರಿಯಲ್ಲಿ ಹೋಗಿ ಬಂದು ಇಲ್ಲಿ ಬೇರೂರಿದವರಲ್ಲಿ ಮುಂಬಯಿಯ ಟಾಟಾ ಮೆಮೋರಿಯಲ್‌ನ ಶೈಲೇಶ್ ಶ್ರೀಖಂಡೆ ಮುಖ್ಯರು. 2013ರಲ್ಲಿ ಅವರ ತಂಡ 500 ವಿಪಲ್‌ಗಳ ಅನುಭವವನ್ನು ಪ್ರಕಟಿಸಿತು. ಸೇವೆಯನ್ನು ಮರುಜೋಡಿಸಿದ್ದರಿಂದ ಫಲಿತಾಂಶ ಸುಧಾರಿಸಿತು ಎಂದು ಅದರ ತಲೆಬರಹವೇ ಹೇಳುತ್ತದೆ. ನನ್ನ ಮಟ್ಟಿಗೆ ಭಾರತದ ಪ್ಯಾಂಕ್ರಿಯಾಸ್ ಸಾಹಿತ್ಯದಲ್ಲಿ ಅದಕ್ಕಿಂತ ಪ್ರಾಮಾಣಿಕ ಬರಹ ಕಡಿಮೆ. ನಮ್ಮ ಹಲವು ವರದಿಗಳಲ್ಲಿ ಪಿತ್ತನಾಳ ಕರುಳಿಗೆ ಸೇರುವ ಬಾಯಿಯ ಗಡ್ಡೆಗಳೇ ಹೆಚ್ಚು. ಅವು ಬೇಗ ಕಾಮಾಲೆ ತೋರಿಸುತ್ತವೆ, ಬೇಗ ಸಿಗುತ್ತವೆ, ಸ್ವಭಾವದಲ್ಲೂ ಮೆತ್ತಗಿನವು. ಅವನ್ನು ನಿಜವಾದ ಪ್ಯಾಂಕ್ರಿಯಾಸ್ ಕ್ಯಾನ್ಸರಿನ ಜೊತೆ ಒಂದೇ ಕೋಷ್ಟಕಕ್ಕೆ ಹಾಕಿ ಬೆನ್ನು ತಟ್ಟಿಕೊಳ್ಳುವವರಿಗೇನೂ ಕೊರತೆಯಿಲ್ಲ.

ಅದೇ ಪೀಳಿಗೆಯಲ್ಲಿ ಲಿವರ್‌ಪೂಲಿನ ನಿಯೊಪ್ಟೊಲೆಮಸ್ ಇದ್ದರು. ಅವರೂ ಸರ್ಜನ್. ಗಡ್ಡೆ ತೆಗೆದ ಮೇಲೆ ಕೀಮೊ ಕೊಟ್ಟರೆ ಪ್ರಯೋಜನವುಂಟೇ ಎಂಬ ಪ್ರಶ್ನೆ ಹಿಡಿದು ಯುರೋಪಿನುದ್ದಕ್ಕೂ ರೋಗಿಗಳನ್ನು ಸೇರಿಸಿದರು. 2004ರಲ್ಲಿ ಉತ್ತರ ಬಂತು: ಕೀಮೊ ಇಲ್ಲದವರು ಬದುಕಿದ್ದು ಮಧ್ಯಾಂಕದ (ಮೀಡಿಯನ್) ಲೆಕ್ಕದಲ್ಲಿ 15.5 ತಿಂಗಳು, ಪಡೆದವರು 20.1. ಇದೇ ಸಾಲಿನ ಇನ್ನೊಂದು ಪ್ರಯೋಗದಲ್ಲಿ, 2017ರಲ್ಲಿ, ಎರಡು ಔಷಧ ಸೇರಿಸಿದಾಗ 28. 2018ರಲ್ಲಿ ಫ್ರಾನ್ಸಿನ ತಂಡವೊಂದು ಮೂರು ಔಷಧಗಳ ಕಟು ಮಿಶ್ರಣದಿಂದ 54.4 ತಿಂಗಳು ತಲುಪಿತು. ಗಟ್ಟಿಮುಟ್ಟಾದವರನ್ನೇ ಆರಿಸಿಕೊಂಡಿದ್ದರು, ಒಪ್ಪುತ್ತೇನೆ. ಆದರೂ ಹದಿನೈದರಿಂದ ಐವತ್ನಾಲ್ಕಕ್ಕೆ ಏರಿದ ಆ ವರ್ಷಗಳಲ್ಲಿ ನಾವು ಹಾಕುವ ಹೊಲಿಗೆ ಹೆಚ್ಚುಕಡಿಮೆ ಅದೇ ಇತ್ತು. ಸಲಕರಣೆಗಳ ಕಡೆ ನೋಡಿ. 2017ರಲ್ಲಿ ಕೊಯಮತ್ತೂರಿನ ಪಳನಿವೇಲು ತಂಡ ದುರ್ಬೀನಿನ ವಿಪಲ್‌ನಿಂದ ರೋಗಿ ಬೇಗ ಮನೆಗೆ ಹೋಗುತ್ತಾನೆಂದು ತೋರಿಸಿತು. ಒಳ್ಳೆಯ ಕೈ, ಒಳ್ಳೆಯ ಅಧ್ಯಯನ. ಎರಡೇ ವರ್ಷದಲ್ಲಿ ನೆದರ್ಲೆಂಡ್ಸಿನಲ್ಲಿ ಅಂಥದ್ದೇ ಪ್ರಯೋಗವನ್ನು ಸಾವು ಹೆಚ್ಚಾದದ್ದರಿಂದ ಅರ್ಧಕ್ಕೇ ನಿಲ್ಲಿಸಬೇಕಾಯಿತು: ದುರ್ಬೀನಿನಲ್ಲಿ 50ಕ್ಕೆ ಐವರು, ತೆರೆದು ಮಾಡಿದಾಗ 49ಕ್ಕೆ ಒಬ್ಬರು.

ನಾನೂ ಎರಡು ವರ್ಷ ಯುರೋಪಿನ ಒಂದು ಲ್ಯಾಬಿನಲ್ಲಿ ಕಳೆದೆ. ಈ ಕ್ಯಾನ್ಸರುಗಳಲ್ಲಿ ನೂರಕ್ಕೆ ತೊಂಬತ್ತರಲ್ಲಿ ಕೆ-ರಾಸ್ ಜೀನು ಕೆಟ್ಟಿರುತ್ತದೆ ಎಂದು 1988ರಿಂದ ಗೊತ್ತು. ಆ ಜೀನು ಕೆಟ್ಟ ಗಡ್ಡೆ ತನ್ನ ಸುತ್ತ ತಾನೇ ಕಟ್ಟಿಕೊಳ್ಳುವ ನಾರಿನ ಗೋಡೆಯನ್ನು ಹತ್ತಿರದಿಂದ ನೋಡಿದ್ದು ಅಲ್ಲಿ. ಮರಳಿ ಬಂದು ಕೆಲಸಕ್ಕೆ ಅರ್ಜಿ ಹಾಕಿದೆ. ಸಂದರ್ಶನದಲ್ಲಿ ಒಬ್ಬರು ಕಡತದಿಂದ ತಲೆಯೆತ್ತಿ, "ಈ ಎರಡು ವರ್ಷ ಆಪರೇಷನ್ ಮಾಡಲಿಲ್ಲವಾ?" ಎಂದರು. ಗುಮಾಸ್ತರು ಅನುಭವದ ಕಾಲಂನಲ್ಲಿ ಆ ಅವಧಿಗೆ ಅಡ್ಡಗೆರೆ ಎಳೆದರು. ಬಡ್ತಿಯಲ್ಲಿ ನನಗಿಂತ ಕಿರಿಯರು ಎರಡು ವರ್ಷ ಮುಂದೆ ಹೋದರು. ಆಸ್ಪತ್ರೆಯ ಹೆಸರು ಬೇಡ. ಬೇರೆ ಕಡೆ ಹೋಗಿದ್ದರೂ ಅದೇ ಗೆರೆ ಎಳೆಯುತ್ತಿದ್ದರು.

ಆದರೂ ಗಡ್ಡೆಯ ತುಣುಕು ಲ್ಯಾಬಿಗೆ ತಲುಪಲೇಬೇಕೆಂದು ಒಂದಷ್ಟು ಕಾಲ ಹಟ ಹಿಡಿದೆ. ಪ್ಯಾಂಕ್ರಿಯಾಸಿನ ತುಣುಕು ತನ್ನ ರಸದಿಂದ ತನ್ನನ್ನೇ ಜೀರ್ಣಿಸಿಕೊಳ್ಳುತ್ತದೆ. ಹೊರತೆಗೆದು ಅರ್ಧ ಗಂಟೆಯೊಳಗೆ ಹೆಪ್ಪುಗಟ್ಟಿಸದಿದ್ದರೆ ಅದರ ಆರ್‌ಎನ್‌ಎ ಹಾಳು. ಓಟಿಯ ಮೂಲೆಯಲ್ಲಿ ಬ್ಲೇಡಿನಿಂದ ಕಡಲೆಕಾಳಿನಷ್ಟು ಚೂರು ಕತ್ತರಿಸಿ, ಪುಟ್ಟ ಟ್ಯೂಬಿಗೆ ಹಾಕಿ, ಮೈನಸ್ 196 ಡಿಗ್ರಿಯ ದ್ರವ ಸಾರಜನಕದ ಡಬ್ಬಿಯಲ್ಲಿ ಇಳಿಬಿಡುತ್ತಿದ್ದೆವು. ಆ ಡಬ್ಬಿಯನ್ನು ಕಾಲುಗಳ ಮಧ್ಯೆ ಇಟ್ಟುಕೊಂಡು ರೆಸಿಡೆಂಟ್ ಹುಡುಗ ಆಟೋ ಹತ್ತಿ ಗಣೇಶಖಿಂಡದ ಕಡೆಗೆ ಹೊರಡುತ್ತಿದ್ದ. ಮುಚ್ಚಳದ ಸಂದಿಯಿಂದ ಬಿಳಿ ಹೊಗೆ ಬರುವುದನ್ನು ಕಂಡು ಒಮ್ಮೆ ಆಟೋದವನು ವಿದ್ಯಾಪೀಠ ಚೌಕದಲ್ಲೇ ಅವನನ್ನು ಇಳಿಸಿಬಿಟ್ಟ. ಹುಡುಗ ಉಳಿದ ದಾರಿಯನ್ನು ಡಬ್ಬಿ ಹೊತ್ತು ನಡೆದ. ಸಂಜೆ ವಾರ್ಡ್ ರೌಂಡಿಗೆ ತಡವಾದದ್ದಕ್ಕೆ ಬೈಸಿಕೊಂಡ. ಅವನು ಈಗ ಒಳ್ಳೆಯ ಸರ್ಜನ್. ಸಂಶೋಧನೆಯ ಮಾತೆತ್ತಿದರೆ ಕೈಮುಗಿಯುತ್ತಾನೆ.

ಈಚಿನ ಬೆಳವಣಿಗೆಗಳಲ್ಲಿ ಒಳ್ಳೆಯದೂ ಇದೆ. 2008ರಲ್ಲಿ ಶುರುವಾದ ಡಿಬಿಟಿ–ವೆಲ್‌ಕಮ್ ಇಂಡಿಯಾ ಅಲಯನ್ಸ್ ವೈದ್ಯರಿಗೂ ಫೆಲೋಶಿಪ್ ಕೊಡುತ್ತಿದೆ. ಕತ್ತಿ ಹಿಡಿದವರು ಅದರಲ್ಲಿ ವಿರಳ. ಪುಣೆಯ ವಿಜ್ಞಾನ ಶಿಕ್ಷಣ ಸಂಸ್ಥೆ ಐಸರ್ ಮತ್ತು ಸ್ತನ ಕ್ಯಾನ್ಸರ್ ಸರ್ಜನ್ ಡಾ. ಕೊಪ್ಪೀಕರ್ ಅವರ ಪ್ರಶಾಂತಿ ಕ್ಯಾನ್ಸರ್ ಕೇರ್ ಮಿಷನ್ ಜೊತೆಗೂಡಿ ಸಂಶೋಧನಾ ಕೇಂದ್ರ ಕಟ್ಟಿವೆ. ಸರ್ಜನ್ನನ ಮೇಜಿನಿಂದ ವಿಜ್ಞಾನಿಯ ಮೇಜಿಗೆ ಗಡ್ಡೆ ಹೋಗುವ ದಾರಿ ಈ ಊರಿನಲ್ಲಿ ಸಾಧ್ಯ ಎಂಬುದಕ್ಕೆ ಅದೇ ಸಾಕ್ಷಿ. ಇನ್ನು ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಸಂಶೋಧನಾ ವಿಧಾನದ ಆನ್‌ಲೈನ್ ಕೋರ್ಸ್ ಕಡ್ಡಾಯವಾಗಿದೆ, ಥೀಸಿಸ್ ಮೊದಲಿನಿಂದಲೂ ಇದೆ. ಮೂರು ವರ್ಷದ ಎಂಎಸ್, ಬಾಂಡ್ ಸೇವೆ, ಮತ್ತೆ ಮೂರು ವರ್ಷದ ಎಂಸಿಎಚ್ ಎಂಬ ಉನ್ನತ ಪದವಿ. ಇದರ ನಡುವೆ ಐವತ್ತು ಕೇಸಿನ ಥೀಸಿಸ್ ಬರೆಯುವವನಿಗೆ ಪ್ರಶ್ನೆ ಕೇಳಿಕೊಳ್ಳಲು ಪುರುಸೊತ್ತೆಲ್ಲಿ? ಬೈಂಡಿಂಗ್ ಅಂಗಡಿಯವನಿಗೆ ಮಾತ್ರ ಅದರಿಂದ ಲಾಭ.

ಪ್ರಶ್ನೆಗಳಿಗೇನೂ ಬರವಿಲ್ಲ. ಜಗತ್ತಿನಲ್ಲಿ ವರ್ಷಕ್ಕೆ ಐದು ಲಕ್ಷ ಜನರಿಗೆ ಈ ಕ್ಯಾನ್ಸರ್ ಬರುತ್ತದೆ, ಹೆಚ್ಚುಕಡಿಮೆ ಅಷ್ಟೇ ಜನ ಸಾಯುತ್ತಾರೆ. ನಮ್ಮಲ್ಲಿ ಲಕ್ಷ ಗಂಡಸರಿಗೆ ಎರಡೂವರೆಯೂ ದಾಟುವುದಿಲ್ಲ ಎಂಬುದು ಹಳೆಯ ನೋಂದಣಿಗಳ ಲೆಕ್ಕ. ನಿಜಕ್ಕೂ ಕಡಿಮೆಯೇ, ಅಥವಾ ಗುರುತಿಸುವ ಮೊದಲೇ ಜನ ಸಾಯುತ್ತಾರೆಯೇ? ಸೊಲ್ಲಾಪುರ, ಇಂಡಿ, ಆಳಂದ ಕಡೆಯಿಂದ ನನ್ನ ಬಳಿಗೆ ಬರುವವರು ಕನ್ನಡದಲ್ಲೇ ಮಾತಾಡುತ್ತಾರೆ. "ಸಾಹೇಬ್ರ, ಕಾಮಣಿ ಆಗೇದಂತ ಮೂರು ತಿಂಗಳು ನಾಟಿ ಔಷಧ ಕುಡಿಸೇವ್ರಿ" ಎನ್ನುತ್ತಾರೆ. ವರ್ಷದ ಹಿಂದೆ ಸಕ್ಕರೆ ಶುರುವಾಗಿತ್ತೇ ಎಂದು ಕೇಳಿದರೆ, "ಹೌದ್ರಿ, ಮೈ ಇಳೀತು, ಪಥ್ಯದಿಂದ ಅನ್ಕೊಂಡ್ವಿ" ಎಂಬ ಉತ್ತರ ಎಷ್ಟೋ ಸಲ ಕೇಳಿದ್ದೇನೆ. 1994ರ ಆ ಲೇಖನದ ಚಾರಿಯವರೇ ಮುಂದೆ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಕೂತು, ಐವತ್ತು ದಾಟಿದ ಮೇಲೆ ಹೊಸದಾಗಿ ಸಕ್ಕರೆ ಬಂದವರಲ್ಲಿ ಮೂರು ವರ್ಷದೊಳಗೆ ನೂರಕ್ಕೆ ಸುಮಾರು ಒಬ್ಬರಿಗೆ ಈ ಕ್ಯಾನ್ಸರ್ ಕಾಣುತ್ತದೆ ಎಂದು ತೋರಿಸಿದರು. ಸಕ್ಕರೆ ಮನೆಮನೆಗೂ ಇರುವ ನಮ್ಮಲ್ಲಿ ಆ ಒಬ್ಬರನ್ನು ಹುಡುಕುವುದು ಹೇಗೆಂದು ಇಲ್ಲಿಯ ರೋಗಿಗಳಲ್ಲೇ ನೋಡಬೇಕು. ನೋಡುವವರಿಗೆ ರೋಗಿ, ರಕ್ತ, ಗಡ್ಡೆ ಮೂರೂ ಸಿಗಬೇಕು. ಮೂರೂ ಸಿಗುವುದು ಸರ್ಜನ್ನಿಗೆ.

ಆ ಹುಡುಗಿ ಸಮ್ಮೇಳನದ ನಂತರ ಬಂದು ಮಾತಾಡಿಸಿದಳು. ಎಂಎಸ್ ಮುಗಿಸಿ ಎರಡು ವರ್ಷ ಲ್ಯಾಬಿನಲ್ಲಿದ್ದು ಆಮೇಲೆ ಎಂಸಿಎಚ್ ಮಾಡಬಹುದೇ ಎಂದು ಕೇಳಿದಳು. ಮಾಡು ಎಂದೆ; ಹೇಳುವಾಗ ಗುಮಾಸ್ತರ ಅಡ್ಡಗೆರೆ ನೆನಪಾಯಿತು. ವೈದ್ಯಕೀಯ ಆಯೋಗದಲ್ಲೋ ವಿಶ್ವವಿದ್ಯಾಲಯಗಳಲ್ಲೋ ಕುಳಿತಿರುವ ಯಾರಾದರೂ ಇದನ್ನು ಓದಿದರೆ ನನ್ನ ಮನವಿ ಸಣ್ಣದು: ನೇಮಕಾತಿ ಅರ್ಜಿಯ ಅನುಭವದ ಕಾಲಂನಲ್ಲಿ ಆ ಎರಡು ವರ್ಷಗಳಿಗೆ ಒಂದು ಸಾಲು ಸೇರಿಸಿ, ಅದನ್ನು ಸೇವೆಯೆಂದು ಎಣಿಸಿ. ಅವಳು ಅರ್ಜಿ ತುಂಬಲು ಇನ್ನೂ ಕೆಲವು ವರ್ಷ ಇದೆ.