ಸಂಕೋಲೆಯನ್ನು ಬಿಚ್ಚಿದವರಾರು?

ಪ್ಯಾರಿಸ್ ನಗರದ ಸಾಲ್ಪೆತ್ರಿಯೇರ್ ಆಸ್ಪತ್ರೆಯ ಅಂಗಳವನ್ನು ಚಿತ್ರಿಸಿದ ಪಟವೊಂದು ಲೋಕಪ್ರಸಿದ್ಧವಾಗಿದೆ. ರೊಬೇರ್-ಫ್ಲರಿ ಎಂಬ ಚಿತ್ರಕಾರನು ೧೮೭೬ರಲ್ಲಿ ಬರೆದುದು ಅದು. ವೈದ್ಯನಾದ ಫಿಲಿಪ್ ಪಿನೆಲನು ನಡುವೆ ಗಂಭೀರನಾಗಿ ನಿಂತಿದ್ದಾನೆ. ಮರುಳಾದ ಹೆಂಗಸೊಬ್ಬಳು ಮಂಡಿಯೂರಿ ಆತನ ಕೈಗೆ ಮುತ್ತಿಡುತ್ತಿದ್ದಾಳೆ. ಇನ್ನೊಬ್ಬಳ ಮೈಯ ಕಬ್ಬಿಣವು ಕಳಚಿ ಬೀಳುವುದರಲ್ಲಿದೆ. ಮನೋವೈದ್ಯವು ಹುಟ್ಟಿದ ಗಳಿಗೆ ಇದೇ ಎಂದು ಅನೇಕ ಗ್ರಂಥಗಳು ಹೇಳುತ್ತ ಬಂದಿವೆ. ಆದರೆ ಪಿನೆಲನು ತಾನೇ ಬರೆದಿಟ್ಟುದನ್ನು ಓದಿದವರಿಗೆ, ಈ ಪಟವು ಆತನಿಗೆ ಸಲ್ಲಿಸಿದ ಗೌರವವೋ ಬಗೆದ ಅನ್ಯಾಯವೋ ಎಂಬ ಶಂಕೆಯು ಹುಟ್ಟದಿರದು.

ಪಿನೆಲನು ೧೭೪೫ರಲ್ಲಿ ದಕ್ಷಿಣ ಫ್ರಾನ್ಸಿನ ಶಸ್ತ್ರವೈದ್ಯನೊಬ್ಬನ ಮಗನಾಗಿ ಹುಟ್ಟಿದನು. ತುಲೂಸಿನಲ್ಲಿ ವೈದ್ಯಪದವಿಯನ್ನು ಪಡೆದು ೧೭೭೮ರಲ್ಲಿ ಪ್ಯಾರಿಸಿಗೆ ಬಂದನು. ಹೊರನಾಡಿನ ಪದವಿಗೆ ರಾಜಧಾನಿಯ ವೈದ್ಯಮಂಡಲವು ಬೆಲೆಗೊಡಲಿಲ್ಲವಾದುದರಿಂದ, ಬಹುಕಾಲ ಭಾಷಾಂತರ ಮಾಡಿಯೂ ಪತ್ರಿಕೆಯನ್ನು ನಡೆಯಿಸಿಯೂ ಹೊಟ್ಟೆ ಹೊರೆಯಬೇಕಾಯಿತು. ಆ ದಿನಗಳಲ್ಲಿಯೇ ಆತನ ಎಳೆಯ ಮಿತ್ರನೊಬ್ಬನಿಗೆ ಬುದ್ಧಿಭ್ರಮಣೆಯಾಯಿತು. ಪಿನೆಲನು ತಿಳಿದ ಉಪಾಯಗಳನ್ನೆಲ್ಲ ಮಾಡಿ ನೋಡಿದನು, ಒಂದೂ ಫಲಿಸಲಿಲ್ಲ. ಹುಡುಗನು ಮನೆಯವರ ಕಣ್ಣು ತಪ್ಪಿಸಿ ಕಾಡು ಸೇರಿದನು. ಮುಂದೆ ಅಲ್ಲಿ ಆತನ ಶವವು ಸಿಕ್ಕಿತು. ವೈದ್ಯನೆನಿಸಿಕೊಂಡವನು ಈ ರೋಗದ ಮುಂದೆ ಎಷ್ಟು ಕೈಲಾಗದವನೆಂಬುದನ್ನು ಪಿನೆಲನು ಕಲಿತುದು ಇಲ್ಲಿ. ಬಳಿಕ ಬೆಲೊಂ ಎಂಬವನ ಖಾಸಗಿ ಚಿಕಿತ್ಸಾಗೃಹದಲ್ಲಿ ಕೆಲವು ವರ್ಷ ರೋಗಿಗಳನ್ನು ನೋಡಿಕೊಂಡನು.

೧೭೯೩ರಲ್ಲಿ, ಫ್ರೆಂಚ್ ಕ್ರಾಂತಿಯ ಅತಿಘೋರವಾದ ದಿನಗಳಲ್ಲಿ, ಆತನಿಗೆ ಬಿಸೆತ್ರ್ ಆಸ್ಪತ್ರೆಯ ವೈದ್ಯನ ಕೆಲಸವು ದೊರೆಯಿತು. ಬಿಸೆತ್ರ್ ಎಂದರೆ ಆಸ್ಪತ್ರೆಯೂ ಹೌದು, ಸೆರೆಮನೆಯೂ ಹೌದು. ದಿಕ್ಕಿಲ್ಲದ ಮುದುಕರು, ಅಪರಾಧಿಗಳು, ಮರುಳರು ಎಲ್ಲರೂ ಒಂದೇ ಪ್ರಾಕಾರದೊಳಗೆ ತುಂಬಿದ್ದರು. ಮರುಳರ ವಿಭಾಗಕ್ಕೆ ಮೇಲ್ವಿಚಾರಕನಾಗಿ ಜಾನ್-ಬತೀಸ್ತ್ ಪ್ಯುಸೇನ್ ಎಂಬವನಿದ್ದನು. ಈತನೂ ೧೭೪೫ರಲ್ಲಿಯೇ ಹುಟ್ಟಿದವನು. ಕಸುಬಿನಿಂದ ತೊಗಲು ಹದಮಾಡುವವನು. ಗಂಡಮಾಲೆಯ ರೋಗಿಯಾಗಿ ಬಿಸೆತ್ರಿಗೆ ಬಂದು, ಗುಣಹೊಂದಿದ ಮೇಲೆ ಅಲ್ಲಿಯೇ ಊಳಿಗಕ್ಕೆ ನಿಂತು, ಮೇಲೆ ಬಂದಿದ್ದನು. ವೈದ್ಯಶಾಸ್ತ್ರದ ಒಂದಕ್ಷರವನ್ನೂ ಗುರುಮುಖದಿಂದ ಕಲಿತವನಲ್ಲ. ಆದರೆ ರೋಗಿಯನ್ನು ಹೊಡೆಯಕೂಡದೆಂದು ಸೇವಕರಿಗೆ ಕಟ್ಟಪ್ಪಣೆ ಮಾಡಿದ್ದನು. ಗುಣಹೊಂದಿದವರನ್ನೇ ಸೇವಕರನ್ನಾಗಿ ನೇಮಿಸುತ್ತಿದ್ದನು. ಹಾಸಿಗೆಯ ಸಂಕಟವನ್ನು ಉಂಡವನ ಕೈ ಬೇಗ ಮೇಲೇಳದೆಂದು ಆತನು ಬಲ್ಲನು.

ಆತನ ಹೆಂಡತಿಯೂ ಅಷ್ಟೇ ಜಾಣೆ. ರೋಗಿಯೊಬ್ಬನು ಅನ್ನಾಹಾರಗಳನ್ನು ಬಿಟ್ಟು, ಬಂದವರನ್ನೆಲ್ಲ ಬೈದು ಅಟ್ಟುತ್ತಿದ್ದನಂತೆ. ಆಕೆಯು ಆತನ ಮುಂದೆ ಕುಣಿದು, ಪರಿಹಾಸ್ಯದ ಮಾತನಾಡಿ, ಕಡೆಗೊಂದು ನಗೆಯನ್ನು ತರಿಸಿದಳು. ನಕ್ಕವನು ಆಕೆಯ ಕೈಯಿಂದಲೇ ಉಂಡನು. ಮಕ್ಕಳಿಗೆ ತುತ್ತಿಡುವ ತಾಯಂದಿರೆಲ್ಲರೂ ಅರಿತ ವಿದ್ಯೆಯೇ ಇದು. ಆದರೆ ಅದನ್ನು ಚಿಕಿತ್ಸೆಯೆಂದು ಗುರುತಿಸಿ ಗ್ರಂಥದಲ್ಲಿ ಬರೆದ ವೈದ್ಯನು ಸಾಮಾನ್ಯನಲ್ಲ.

ಪಿನೆಲನ ಹಿರಿಮೆಯೆಲ್ಲ ಇಲ್ಲಿಯೇ ಇದೆ. ಆಗಲೇ ನಾಲ್ವತ್ತೆಂಟು ವರ್ಷದ ಪಂಡಿತನಾಗಿದ್ದ ಆತನು ಶಾಸ್ತ್ರದ ಬಿಗುಮಾನವನ್ನು ಬಾಗಿಲಲ್ಲಿ ಬಿಟ್ಟು, ಓದುಬರಹ ಅಷ್ಟಕ್ಕಷ್ಟೇ ಆಗಿದ್ದ ಮೇಲ್ವಿಚಾರಕನ ಹಿಂದೆ ಕೋಣೆಯಿಂದ ಕೋಣೆಗೆ ನಡೆದನು. ದಿನವೂ ರೋಗಿಗಳೊಡನೆ ಕುಳಿತು, ಅವರ ಮಾತು ಎಷ್ಟು ಅಸಂಬದ್ಧವಾದರೂ ಕಡೆಯವರೆಗೆ ಕೇಳಿ, ಗುರುತು ಹಾಕಿಕೊಂಡನು. ರಕ್ತ ತೆಗೆಯುವುದು, ಭೇದಿಗೆ ಕೊಡುವುದು ಮುಂತಾದ ರೂಢಿಯ ಚಿಕಿತ್ಸೆಗಳಲ್ಲಿ ಆತನಿಗಿದ್ದ ನಂಬಿಕೆಯು ದಿನೇ ದಿನೇ ಕರಗಿತು.

ಆತನು ಬರೆದಿಟ್ಟ ಪ್ರಸಂಗಗಳಲ್ಲಿ ದರ್ಜಿಯವನ ಕಥೆಯು ಮರೆಯಲಾಗದುದು. ೧೭೯೩ರ ಜನವರಿ ೨೧ರಂದು ಅರಸನಾದ ಹದಿನಾರನೆಯ ಲೂಯಿಯ ತಲೆಯು ಉರುಳಿತಷ್ಟೆ. ಕಾವಲಿನವರಲ್ಲೊಬ್ಬನಾಗಿ ಆಯುಧ ಹಿಡಿದು ನಿಂತಿದ್ದ ಪಿನೆಲನು ಅದನ್ನು ಕಣ್ಣಾರೆ ಕಂಡಿದ್ದನು. ಅರಸನಿಗಾದ ಶಿಕ್ಷೆಯನ್ನು ಕುರಿತು ಈ ದರ್ಜಿಯು ನಾಲ್ಕು ಜನರ ಮುಂದೆ ಏನೋ ಆಡಿದನು. ಅಂದಿನಿಂದ ತನ್ನ ತಲೆಗೂ ಕತ್ತಿ ಬಂದಿತೆಂದು ಹೆದರಿ, ನಿದ್ರಾಹಾರಗಳನ್ನು ತೊರೆದು ಬಿಸೆತ್ರಿಗೆ ಬಂದನು. ಆ ಕಾಲದಲ್ಲಿ ಅದು ಬರಿಯ ಭ್ರಮೆಯೆಂದು ಹೇಳುವುದೂ ಸುಲಭವಾಗಿರಲಿಲ್ಲ! ಮೊದಲು ಆತನಿಗೆ ಜೊತೆಯವರ ಬಟ್ಟೆಗಳನ್ನು ಹೊಲಿಯುವ ಕೆಲಸವನ್ನು ಕೊಟ್ಟರು. ಸೂಜಿ ಕೈಗೆ ಬಂದೊಡನೆ ಮನಸ್ಸು ತಿಳಿಯಾಯಿತು. ಕೆಲವು ತಿಂಗಳ ಮೇಲೆ ಭಯವು ಮರಳಿತು. ಆಗ ಪಿನೆಲನು ಒಂದು ನಾಟಕವನ್ನು ಹೂಡಿದನು. ತರುಣವೈದ್ಯರು ಕಪ್ಪು ನಿಲುವಂಗಿಗಳನ್ನು ತೊಟ್ಟು ನ್ಯಾಯಾಧಿಪತಿಗಳಾಗಿ ಕುಳಿತರು. ದರ್ಜಿಯನ್ನು ವಿಚಾರಿಸಿ, ನಿರಪರಾಧಿಯೆಂದು ತೀರ್ಪು ಕೊಟ್ಟರು. ಬಡವನ ಎದೆಯ ಕಲ್ಲು ಇಳಿಯಿತು. ಆದರೆ ಆತನ ಕೈಗೆ ಕೆಲಸವು ತಪ್ಪಿತು. ಅವಿವೇಕಿಯೊಬ್ಬನು ಆ ತೀರ್ಪು ಬರಿಯ ತಮಾಷೆಯೆಂದು ಹೇಳಿಯೂಬಿಟ್ಟನು. ದರ್ಜಿಯು ಮತ್ತೆ ಮೇಲೇಳಲಿಲ್ಲ.

ಜಾಣ ಉಪಾಯವೊಂದನ್ನು ಮಾಡಿದ ವೈದ್ಯನು ಕಥೆಯನ್ನು ತೀರ್ಪಿನ ದಿನಕ್ಕೇ ನಿಲ್ಲಿಸಬಹುದಾಗಿದ್ದಿತು. ಪಿನೆಲನು ನಿಲ್ಲಿಸಲಿಲ್ಲ; ೧೮೦೧ರಲ್ಲಿ ಪ್ರಕಟಿಸಿದ ತನ್ನ ಮಹಾಗ್ರಂಥದಲ್ಲಿ ಸೋಲನ್ನೂ ಹೇಳಿದನು. ಅದರಲ್ಲಿಯೇ ರೊಟ್ಟಿಯ ಮಾತೂ ಬರುತ್ತದೆ. ಕ್ರಾಂತಿಯ ಮೊದಲಲ್ಲಿ ರೋಗಿಯ ದಿನದ ರೊಟ್ಟಿಯು ಎರಡು ಪೌಂಡಿಗೆ ಏರಿದ್ದಿತು. ಮುಂದೆ ಕ್ಷಾಮದಲ್ಲಿ ಅದನ್ನು ಕಡಿಮೆಮಾಡಿದಾಗ, ಗುಣಮುಖರಾಗಿದ್ದವರೂ ಪುನಃ ಉನ್ಮತ್ತರಾದರು, ಸಾವುಗಳು ಹೆಚ್ಚಿದವು. ಮನಸ್ಸಿನ ರೋಗಕ್ಕೆ ಹೊಟ್ಟೆಯ ಹಸಿವೂ ಒಂದು ಕಾರಣವೆಂದು ಅಧಿಕಾರಿಗಳ ಕಿವಿಗೆ ಬೀಳುವಂತೆ ಬರೆಯುವುದಕ್ಕೆ ಎದೆಗಾರಿಕೆ ಬೇಕು.

ಇನ್ನು ಸಂಕೋಲೆಯ ವಿಚಾರ. ೧೭೯೫ರಲ್ಲಿ ಪಿನೆಲನು ಸಾಲ್ಪೆತ್ರಿಯೇರಿಗೆ ವರ್ಗವಾಗಿ ಹೋದಾಗ, ಬಿಸೆತ್ರಿನ ಸಂಕೋಲೆಗಳು ಇದ್ದಂತೆಯೇ ಇದ್ದವು. ಅವನ್ನು ತೆಗೆಯಿಸಿದವನು, ಆತನು ಹೊರಟುಹೋದ ಎರಡು ಮೂರು ವರ್ಷಗಳ ಮೇಲೆ, ಪ್ಯುಸೇನನು. ಕಬ್ಬಿಣದ ಬದಲಾಗಿ ತೋಳುಗಳನ್ನು ಬಿಗಿಯುವ ಬಟ್ಟೆಯ ಅಂಗಿಯು ಬಂದಿತು. ಅದೂ ಬಂಧನವೇ, ಆದರೆ ಮೈಯನ್ನು ಕೊರೆಯದ ಬಂಧನ. ೧೮೦೨ರಲ್ಲಿ ಪಿನೆಲನು ಅಧಿಕಾರಿಗಳನ್ನು ಬಿಡದೆ ಕೇಳಿ, ಪ್ಯುಸೇನನನ್ನು ತನ್ನ ಬಳಿಗೆ ಕರೆಯಿಸಿಕೊಂಡನು. ಸಾಲ್ಪೆತ್ರಿಯೇರಿನ ಹೆಂಗಸರ ಕಬ್ಬಿಣವು ಕಳಚಿದುದು ಆ ಮೇಲೆಯೇ.

ಪಿನೆಲನು ಇದನ್ನು ಮುಚ್ಚಿಡಲಿಲ್ಲ. ೧೮೦೯ರ ಎರಡನೆಯ ಮುದ್ರಣದಲ್ಲಿ, ಬಿಸೆತ್ರನ್ನು ಬಿಡುವ ಮುನ್ನ ಆ ಕ್ರೂರ ಪದ್ಧತಿಯ ಕೊನೆಯನ್ನು ಕಾಣಲಾಗಲಿಲ್ಲವೆಂದು ವ್ಯಥೆಪಟ್ಟು, ಕೀರ್ತಿಯನ್ನು ಪ್ಯುಸೇನನಿಗೇ ಒಪ್ಪಿಸಿದ್ದಾನೆ. ಮನೆಯವರು ಮಾತ್ರ ಒಪ್ಪಲಿಲ್ಲ. ಮಗನಾದ ಸಿಪಿಯೋನನು, ತಾನೂ ವೈದ್ಯನಾಗಿದ್ದವನು, ತಂದೆಯೇ ೧೭೯೩ರ ಭಯೋತ್ಪಾತದ ನಡುವೆ ಕ್ರಾಂತಿಯ ಮುಖಂಡನಾದ ಕೂತೋನನ್ನು ಎದುರಿಸಿ ಸಂಕೋಲೆಗಳನ್ನು ಬಿಚ್ಚಿದನೆಂಬ ವೀರಕಥೆಯನ್ನು ಕಟ್ಟಿ ಹರಡಿದನು. ಶಿಷ್ಯರು ಅದನ್ನು ಬೆಳೆಯಿಸಿದರು, ಚಿತ್ರಕಾರರು ಬಣ್ಣವಿಟ್ಟರು. ಪಿತೃಭಕ್ತಿಯು ಸತ್ಯಕ್ಕೆ ಯಾವಾಗಲೂ ಒಳ್ಳೆಯ ಕಾವಲುಗಾರನಲ್ಲ.

ಪ್ಯುಸೇನನು ೧೮೧೧ರಲ್ಲಿ ತೀರಿಕೊಂಡನು, ಪಿನೆಲನು ೧೮೨೬ರಲ್ಲಿ. ೧೮೮೫ರಲ್ಲಿ ಸಾಲ್ಪೆತ್ರಿಯೇರಿನ ಹೆಬ್ಬಾಗಿಲ ಮುಂದೆ ಪಿನೆಲನ ಪ್ರತಿಮೆಯನ್ನು ನಿಲ್ಲಿಸಿದರು. ಮುರಿದ ಸಂಕೋಲೆಯನ್ನು ಅದರ ಕೈಗೇ ಕೊಟ್ಟಿದ್ದಾರೆ. ರೊಬೇರ್-ಫ್ಲರಿಯ ಪಟದಲ್ಲಾದರೋ, ಹತ್ತಿರ ಹೋಗಿ ನೋಡಿದರೆ, ಕಬ್ಬಿಣವನ್ನು ಬಿಚ್ಚುತ್ತಿರುವ ಕೈಗಳು ವೈದ್ಯನವಲ್ಲ. ರೋಗಿಯ ಹಿಂದೆ ನಿಂತ ಆಳಿನವು.