ಶಹ ಹೇಳುವ ಹೊಣೆ ಯಾರದು?

1814ರಲ್ಲಿ ಮುಂಬಯಿಯಲ್ಲಿ ಚದುರಂಗದ ಬಗ್ಗೆ ಒಂದು ಇಂಗ್ಲಿಷ್ ಪುಸ್ತಕ ಅಚ್ಚಾಯಿತು. ಬರೆದವರು ತ್ರಿವೇಂಗಡಾಚಾರ್ಯ ಶಾಸ್ತ್ರಿ, ಪೇಶ್ವೆಯ ಆಶ್ರಯ ಪಡೆದಿದ್ದ ದಕ್ಷಿಣದ ಪಂಡಿತರು. ಸಂಸ್ಕೃತದ ಮೂಲಕ್ಕೆ 'ವಿಲಾಸಮಣಿಮಂಜರಿ' ಎಂದು ಹೆಸರು. ಇಂಗ್ಲಿಷ್ ಪುಸ್ತಕದ ಮುಖಪುಟದಲ್ಲೇ, ಇದನ್ನು ಯುರೋಪಿನ ಆಟದ ಕ್ರಮಕ್ಕೆ ಹೊಂದಿಸಲಾಗಿದೆ ಎಂಬ ಮಾತಿದೆ. ಇನ್ನೂರು ವರ್ಷಗಳ ಹಿಂದೆಯೇ ಈ ಊರಿನಲ್ಲಿ ಎರಡು ಬಗೆಯ ಚದುರಂಗ ಮುಖಾಮುಖಿಯಾಗಿದ್ದವು ಎನ್ನುವುದಕ್ಕೆ ನನಗೆ ಆ ಒಂದು ಮಾತೇ ಸಾಕು.

ನಮ್ಮ ದೇಶೀ ಆಟದಲ್ಲಿ ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ಮುಂದೆ ಹೋಗುತ್ತದೆ. ರಾಜನನ್ನು ಆನೆಯ ಪಕ್ಕ ಬಚ್ಚಿಡುವ ಕ್ಯಾಸ್ಲಿಂಗ್ ಇಲ್ಲ. ಅದರ ಬದಲು ರಾಜ ಒಂದೇ ಒಂದು ಸಲ ಕುದುರೆಯ ಹಾಗೆ ನೆಗೆಯಬಹುದು. ಆದರೆ ಒಮ್ಮೆ ಶಹ ಬಿತ್ತೆಂದರೆ ಆ ನೆಗೆತದ ಹಕ್ಕು ಹೋಯಿತು. ಊರಿಂದೂರಿಗೆ ಸಣ್ಣಪುಟ್ಟ ವ್ಯತ್ಯಾಸ ಇದ್ದೇ ಇತ್ತು. ಶಹ ಎಂದು ಬಾಯಿಬಿಟ್ಟು ಹೇಳುವ ಪದ್ಧತಿ ಅಷ್ಟು ಗಟ್ಟಿಯಾಗಿ ಉಳಿದದ್ದು ಈ ಕಾರಣಕ್ಕೇ ಇರಬೇಕೆಂದು ನನಗನ್ನಿಸುತ್ತದೆ. ಆ ಒಂದು ಮಾತಿನಿಂದ ಎದುರಾಳಿಯ ರಾಜ ಏನನ್ನೋ ಕಳೆದುಕೊಳ್ಳುತ್ತಿದ್ದ. ಹಾಗಿರುವಾಗ ಮೌನವಾಗಿ ಶಹ ಕೊಟ್ಟರೆ ಅದು ನ್ಯಾಯವಾಗುವುದಿಲ್ಲ.

ಅಪ್ಪ ಮಾಟುಂಗದ ಒಂದು ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದರು. ರಾತ್ರಿ ಶಟರ್ ಎಳೆದ ಮೇಲೆ ಅಡುಗೆ ಭಟ್ಟರೂ ಸಪ್ಲೈಯರುಗಳೂ ಆಡುತ್ತಿದ್ದದ್ದು ಈ ಹಳೆಯ ಆಟವನ್ನೇ. ಯಾರೋ ಗಮನಿಸದೆ ರಾಜನ ಮುಂದಿನ ಕಾಯಿ ಎತ್ತಿಬಿಡುತ್ತಿದ್ದರು. ಎದುರು ಕೂತ ಹುಡುಗ ಸಂತೋಷದಿಂದ ರಾಜನನ್ನೇ ಕಡಿದುಬಿಡುತ್ತಿದ್ದ. ಭಟ್ಟರು ಬಿಡುತ್ತಿರಲಿಲ್ಲ: "ರಾಜನನ್ನು ಕಡಿಯುವುದುಂಟಾ ಮಾರಾಯಾ? ಶಹ ಅಂತ ಹೇಳು, ಅವ ದಾರಿ ನೋಡಿಕೊಳ್ಳಲಿ. ಕಾಯಿ ಹಿಂದೆ ಇಡು."

ಇದು ಬರೀ ನಮ್ಮವರ ಸೌಜನ್ಯವಲ್ಲ. 1847ರಲ್ಲಿ ಇಂಗ್ಲೆಂಡಿನ ಹೋವರ್ಡ್ ಸ್ಟಾಂಟನ್ ಪ್ರಕಟಿಸಿದ ಕೈಪಿಡಿಯ ನಿಯಮಗಳಲ್ಲೂ ಶಹವನ್ನು ಗಟ್ಟಿಯಾಗಿ ಹೇಳಬೇಕೆಂದಿದೆ. ಹೇಳದಿದ್ದರೆ ಎದುರಾಳಿ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ತನ್ನ ಆಟ ಆಡಬಹುದಿತ್ತು. ತಪ್ಪು ನಡೆಗೆ ದಂಡವೂ ಇತ್ತು, ಅದನ್ನು ಆರಿಸುವ ಹಕ್ಕು ಎದುರಾಳಿಯದು: ಕಾಯಿಯನ್ನು ಇಟ್ಟಲ್ಲೇ ಬಿಡಿಸಬಹುದು, ಅದೇ ಕಾಯಿಯನ್ನು ಸರಿಯಾಗಿ ನಡೆಸೆನ್ನಬಹುದು, ಇಲ್ಲವೇ ಅದನ್ನು ಹಿಂದಿಡಿಸಿ ರಾಜನನ್ನು ನಡೆಸೆನ್ನಬಹುದು. ಮೂರನೆಯದು ನಿಜವಾಗಿ ಕ್ರೂರ. ಯಾವುದೋ ಒಂಟೆಯನ್ನು ತಪ್ಪಾಗಿ ನಡೆಸಿದ್ದಕ್ಕೆ, ಕೋಟೆಯೊಳಗೆ ನೆಮ್ಮದಿಯಾಗಿದ್ದ ರಾಜ ಬಯಲಿಗೆ ಬರಬೇಕಾಗುತ್ತಿತ್ತು.

ನಮ್ಮ ಮುಂಬಯಿಯಲ್ಲಿ ಆಟ ಮನೆಯಿಂದ ಟೂರ್ನಮೆಂಟಿಗೆ ಹೋದ ಕಾಲವೆಂದರೆ ನನಗೆ ನೆನಪಾಗುವುದು ಖಾಡಿಲ್ಕರ್ ಸೋದರಿಯರು. 'ನವಾಕಾಳ' ಪತ್ರಿಕೆಯ ಸಂಪಾದಕ ನೀಲಕಂಠ ಖಾಡಿಲ್ಕರ್ ಅವರ ಮಕ್ಕಳು: ವಾಸಂತಿ, ಜಯಶ್ರೀ, ರೋಹಿಣಿ. 1974ರಲ್ಲಿ ಬೆಂಗಳೂರಿನಲ್ಲಿ ನಡೆದ ಮೊದಲ ರಾಷ್ಟ್ರೀಯ ಮಹಿಳಾ ಚಾಂಪಿಯನ್‌ಷಿಪ್ಪನ್ನು ವಾಸಂತಿ ಗೆದ್ದರು. 1976ರಲ್ಲಿ ರೋಹಿಣಿ ಪುರುಷರ ರಾಷ್ಟ್ರೀಯ ಚಾಂಪಿಯನ್‌ಷಿಪ್‌ನಲ್ಲಿ ಆಡಿದಾಗ ಗಲಾಟೆಯೆದ್ದು ವಿಷಯ ಹೈಕೋರ್ಟ್ ಮೆಟ್ಟಿಲೇರಿತು. ಹೆಣ್ಣುಮಕ್ಕಳನ್ನು ತಡೆಯುವಂತಿಲ್ಲವೆಂದು ವಿಶ್ವ ಚೆಸ್ ಸಂಸ್ಥೆಯ ಅಧ್ಯಕ್ಷ ಮ್ಯಾಕ್ಸ್ ಯೂವೆ ತೀರ್ಪು ಕೊಟ್ಟರು. ಆ ಮನೆಯ ಹುಡುಗಿಯರ ಹೆಸರು ಹೇಳಿಯೇ ನಮ್ಮ ಚಾಳಿನ ತಂದೆತಾಯಂದಿರು ಮಕ್ಕಳಿಗೆ ಚೆಸ್ ಬೋರ್ಡ್ ತಂದುಕೊಟ್ಟರು. ಪಂದ್ಯದ ಗಡಿಯಾರ ಬಂತು, ಮಾತು ನಿಂತಿತು.

ಈಗ ನಾನು ಠಾಣೆ, ಮುಲುಂಡ್, ಡೊಂಬಿವಲಿಯ ಶಾಲಾ ಪಂದ್ಯಗಳಲ್ಲಿ ಆರ್ಬಿಟರ್. ಪದೇಪದೇ ಕಾಣುವ ಸ್ಥಿತಿ ಇದು: ಬಿಳಿ ರಾಜ, ಅವನ ಮುಂದೆ ಬಿಳಿ ಕುದುರೆ, ಅದೇ ಸಾಲಿನ ಆಚೆ ತುದಿಯಲ್ಲಿ ಕಪ್ಪು ಆನೆ, ನಡುವೆ ಬೇರೇನೂ ಇಲ್ಲ. ಮಗುವಿನ ಕಣ್ಣು ದೂರದ ಮಂತ್ರಿಯ ಮೇಲೆ. ಕುದುರೆ ಹಾರಿಸಿ ಗಡಿಯಾರ ಒತ್ತುತ್ತದೆ. ಎದುರಿನ ಮಗು ಆನೆಯಿಂದ ರಾಜನನ್ನು ಎತ್ತಿ ಎರಡೂ ಕೈ ಮೇಲೆ ಮಾಡುತ್ತದೆ. ಇಬ್ಬರದೂ ತಪ್ಪೇ, ಏಕೆಂದರೆ ರಾಜನನ್ನು ಕಡಿಯುವುದಕ್ಕೂ ನಿಯಮದಲ್ಲಿ ಜಾಗವಿಲ್ಲ. ಎರಡನೆಯ ಮಗು ಗಡಿಯಾರ ನಿಲ್ಲಿಸಿ ನನ್ನನ್ನು ಕರೆಯಬೇಕಿತ್ತು. ನಾನು ಕಾಯಿಗಳನ್ನು ಮೊದಲಿನ ಜಾಗಕ್ಕೆ ತರುತ್ತೇನೆ, ಎದುರಾಳಿಗೆ ಎರಡು ನಿಮಿಷ ಕೂಡಿಸುತ್ತೇನೆ. ಮುಟ್ಟಿದ ಕಾಯನ್ನೇ ನಡೆಸಬೇಕೆಂಬ ನಿಯಮ ಇಲ್ಲಿ ಕಟ್ಟಿಹಾಕುವುದಿಲ್ಲ. ಆ ಕುದುರೆ ಎಲ್ಲಿಗೆ ಹಾರಿದರೂ ರಾಜ ಬಯಲಾಗುತ್ತಾನೆ, ಹಾಗಾಗಿ ಮಗು ಬೇರೆ ಕಾಯಿ ನಡೆಸಬಹುದು. ಗಡಿಯಾರ ಒತ್ತುವ ಮೊದಲೇ ಎಚ್ಚರಗೊಂಡಿದ್ದರೆ ದಂಡವೇ ಇಲ್ಲ.

ಮೊದಲು ಇಂಥ ತಪ್ಪು ಮೂರನೆಯ ಸಲವಾದರೆ ಸೋಲು ಎಂದಿತ್ತು. 2014ರಿಂದ ಎರಡನೆಯ ಸಲಕ್ಕೇ ಸೋಲು. ಬ್ಲಿಟ್ಜ್‌ನಲ್ಲಂತೂ ಹಿಂದೆ ಒಂದೇ ತಪ್ಪು ನಡೆಗೆ ಆಟ ಮುಗಿಯುತ್ತಿತ್ತು. ದೊಡ್ಡವರೂ ಇದಕ್ಕೆ ಹೊರತಲ್ಲ. 2017ರ ಡಿಸೆಂಬರಿನಲ್ಲಿ ರಿಯಾದ್‌ನ ವಿಶ್ವ ಬ್ಲಿಟ್ಜ್‌ನಲ್ಲಿ ಎರ್ನೆಸ್ಟೊ ಇನಾರ್ಕಿಯೆವ್ ತನ್ನ ರಾಜನಿಗೆ ಬಿದ್ದ ಶಹವನ್ನು ಬಿಡಿಸದೆ ಮ್ಯಾಗ್ನಸ್ ಕಾರ್ಲ್‌ಸನ್‌ಗೆ ತಿರುಗಿ ಶಹ ಕೊಟ್ಟರು. ಕಾರ್ಲ್‌ಸನ್ ರಾಜನನ್ನು ಸರಿಸಿದ್ದೇ ತಡ, ಆ ನಡೆಯೇ ತಪ್ಪೆಂದು ಇನಾರ್ಕಿಯೆವ್ ಗಡಿಯಾರ ನಿಲ್ಲಿಸಿದರು. ಮೊದಲು ಗೆಲುವು ಅವರಿಗೇ ಸಿಕ್ಕಿತ್ತು. ಆಮೇಲೆ ಆಟ ಮುಂದುವರಿಸಿ ಎಂದಾಗ ಅವರು ಒಪ್ಪಲಿಲ್ಲ, ಗೆಲುವು ಕಾರ್ಲ್‌ಸನ್‌ಗೆ ಹೋಯಿತು.

ರಾಜನನ್ನು ಕಾಯುವ ಹೊಣೆ ಪೂರ್ತಿ ಅವನ ಒಡೆಯನದೇ ಎನ್ನುವುದು ಈಗಿನ ತತ್ವ. ಶಹ ಹೇಳಬೇಕಾಗಿಲ್ಲ. ಬಲಿತ ಆಟಗಾರರಿಗೆ ಇದು ಸರಿ, ನಾನೂ ಒಪ್ಪುತ್ತೇನೆ. ಆದರೆ ಏಳು ವರ್ಷದೊಳಗಿನವರ ಪಂದ್ಯದಲ್ಲಿ, ಶಹ ಬಿದ್ದದ್ದೇ ಕಾಣದ ಮಗು ಎರಡನೆಯ ತಪ್ಪಿಗೆ ಸೋತು ಅಳುತ್ತಾ ಏಳುವುದನ್ನು ನೋಡುವಾಗ ಈ ತತ್ವ ನನಗೆ ಹಿಡಿಸುವುದಿಲ್ಲ. ಆ ವಯಸ್ಸಿನವರಿಗೆ ಶಹ ಹೇಳುವುದನ್ನು ಕಡ್ಡಾಯ ಮಾಡಬೇಕು. ಹೇಳದೆ ಕೊಟ್ಟ ಶಹವನ್ನು ಗಮನಿಸದ ಮಗುವಿನ ಲೆಕ್ಕಕ್ಕೆ ತಪ್ಪನ್ನು ಬರೆಯಬಾರದು. ಸ್ಟಾಂಟನ್ನನ ಪುಸ್ತಕದಲ್ಲೂ ಇತ್ತು, ಮಾಟುಂಗದ ಅಡುಗೆಮನೆಯಲ್ಲೂ ಇತ್ತು; ಜಿಲ್ಲಾ ಮಟ್ಟದ ಪಂದ್ಯಗಳಲ್ಲಿ ಒಂದು ವರ್ಷ ನಡೆಸಿ ನೋಡಲು ಅಡ್ಡಿಯೇನು?